ಅಶ್ವತ್ಥನಾರಾಯಣ ಮೇಷ್ಟ್ರು ತಿದ್ದಿದ ಕನ್ನಡ

ಜನಕಪುರಿಯ ಕನ್ನಡದವರ ಮನೆಗಳಲ್ಲಿ ಮದುವೆಯೋ ಗೃಹಪ್ರವೇಶವೋ ಗೊತ್ತಾದರೆ, ಕರೆಯೋಲೆ ಅಚ್ಚಿಗೆ ಹೋಗುವ ಮೊದಲು ಅಶ್ವತ್ಥನಾರಾಯಣ ಮೇಷ್ಟ್ರ ಕೈಗೆ ಹೋಗುತ್ತಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಕೆಂಪು ಪೆನ್ನು ತೆರೆಯುತ್ತಿದ್ದರು. ಮೊದಲು ಒತ್ತಕ್ಷರ, ಆಮೇಲೆ ಮಹಾಪ್ರಾಣ. 'ಆಶಿರ್ವಾದ' ಎಂದು ಬರೆದುಕೊಂಡು ಬಂದ ಅಂಡರ್ ಸೆಕ್ರೆಟರಿಗಳೂ ಅವರೆದುರು ತಲೆ ಕೆರೆದುಕೊಂಡು ನಿಂತದ್ದುಂಟು. ಪಶ್ಚಿಮ ದೆಹಲಿಯ ಒಂದು ಸರಕಾರಿ ಶಾಲೆಯಲ್ಲಿ ಸಂಸ್ಕೃತ ಕಲಿಸಿ 2004ರಲ್ಲಿ ನಿವೃತ್ತರಾದವರು ಅವರು. 'ಸ್ಕೂಲ್' ಅನ್ನಲಾರದೆ 'ಸಕೂಲ್' ಅನ್ನುತ್ತಿದ್ದ ಪಂಜಾಬಿ ಮಕ್ಕಳ ಬಾಯಲ್ಲಿ 'ಸ್ಥಾಪಯತಿ' ಹೊರಡಿಸಿದ್ದು ತಮ್ಮ ದೊಡ್ಡ ಸಾಧನೆ ಎಂದು ಹೇಳಿಕೊಳ್ಳುತ್ತಿದ್ದರು.

ಅದನ್ನು ಅವರು ಸಾಧಿಸಿದ್ದು ನಗಿಸಿ. ತಪ್ಪು ಉಚ್ಚರಿಸಿದ ಹುಡುಗನನ್ನು ಎದ್ದು ನಿಲ್ಲಿಸಿ ಅದನ್ನೇ ಮತ್ತೆ ಹೇಳಿಸುತ್ತಿದ್ದರು, ತರಗತಿ ನಗುತ್ತಿತ್ತು. ನಾಚಿಕೆ ಆಗದವನಿಗೆ ವಿದ್ಯೆ ಹತ್ತುವುದಿಲ್ಲ ಎಂಬುದು ಅವರ ಖಚಿತ ನಂಬಿಕೆ. ಅವರಿಗೇ ಹಾಗೆ ಹತ್ತಿತ್ತು. ಕುಣಿಗಲ್ಲಿನ ಕಡೆಯ ಒಂದು ಹಳ್ಳಿಯಲ್ಲಿ ರಾಗಿ ಹೊಲ, ನಾಲ್ಕಾರು ಎಮ್ಮೆ ಇದ್ದ ಮನೆಯಿಂದ ಮೈಸೂರಿನ ಉಚಿತ ಹಾಸ್ಟೆಲಿಗೆ ಬಂದು, ಪಾಠಶಾಲೆಯ ಮೊದಲ ದಿನ 'ಹರಿಃ ಓಂ' ಅನ್ನಬೇಕಾದಲ್ಲಿ 'ಅರಿ ಓಂ' ಅಂದಿದ್ದರು. ಎಲ್ಲರೂ ನಕ್ಕಿದ್ದರು. ಪಂಡಿತರು ಹುಡುಗನ ಅಂಗೈಯನ್ನೇ ಅವನ ಬಾಯೆದುರು ಹಿಡಿದು, ಅಂಗೈಗೆ ಬಿಸಿ ಉಸಿರು ತಾಗದಿದ್ದರೆ ಅದು ಹಕಾರವಲ್ಲ ಎಂದಿದ್ದರು. ಹಾಸ್ಟೆಲಿನ ನೀರಿನ ತೊಟ್ಟಿಯ ಹಿಂದೆ ನಿಂತು, ಬಾಯಿಗೆ ಅಂಗೈ ಹಿಡಿದುಕೊಂಡು, ಅವರು ಆ ವರ್ಷವೆಲ್ಲ ಉಸಿರು ಅಳೆದರು. ಆಮೇಲೆ ಅವರ ನಾಲಿಗೆ ಎಂದೂ ಜಾರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅವ್ವನ ಹತ್ತಿರವೂ ಪುಸ್ತಕದ ಕನ್ನಡವನ್ನೇ ಆಡಿದರು. ಅವ್ವ ಮಗನ ಜೊತೆ ಮಾತು ಕಡಿಮೆ ಮಾಡಿದಳು. ಅದನ್ನು ಅವರು ಮರ್ಯಾದೆ ಎಂದುಕೊಂಡರು.

ಹೆಂಡತಿ ಲೀಲಮ್ಮ ಸೋದರಮಾವನ ಮಗಳು, ಪಕ್ಕದ ಹಳ್ಳಿಯವಳು. ದೆಹಲಿಗೆ ಬಂದಾಗ ಬಾಯಿ ತುಂಬ ಮಾತಾಡುತ್ತಿದ್ದ ಹುಡುಗಿ. ಅವಳ ಮಾತಿನಲ್ಲಿ ಹಾಲು 'ಆಲು', ಹಸು 'ಅಸ', ದೇವರು 'ದ್ಯಾವ್ರು'. ಮೇಷ್ಟ್ರು ಮದುವೆಯಾದ ವಾರದಿಂದಲೇ ತಿದ್ದತೊಡಗಿದರು. ಸಿಟ್ಟಿನಿಂದಲ್ಲ. ಅವಳು ಒಂದು ವಾಕ್ಯ ಮುಗಿಸಿದರೆ ಇವರು ಅದರಲ್ಲಿನ ಒಂದು ಪದವನ್ನು ಸರಿಯಾಗಿ ಉಚ್ಚರಿಸಿ ಸುಮ್ಮನಾಗುತ್ತಿದ್ದರು, ಅಷ್ಟೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರೆದುರು, ಎಲ್ಲೆಲ್ಲೂ.

ಎಂಬತ್ತರ ದಶಕದ ಆರಂಭದಲ್ಲಿ ಒಂದು ದಿನ ಅನಂತರಾಮ ಎಂಬ ಅಧಿಕಾರಿಯ ಮನೆಯಲ್ಲಿ ಕನ್ನಡದವರ ಊಟವಿತ್ತು. ಒಬ್ಬೊಬ್ಬರು ಒಂದೊಂದು ತಿನಿಸು ಮಾಡಿಕೊಂಡು ಹೋಗುವುದು ರೂಢಿ. ಅನಂತರಾಮರು ಮೈಸೂರಿನ ದೊಡ್ಡ ಮನೆತನದವರು. ಅವರ ಹೆಂಡತಿ ಪದ್ಮಾ ರಾಗವಾಗಿ, ಮೆಲ್ಲಗೆ ಮಾತಾಡುವವರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೇಷ್ಟ್ರು ಲೀಲಮ್ಮನಿಗೆ ಹಕಾರ ನೆನಪಿಸಿದ್ದರು. ಪದ್ಮಾ ಡಬ್ಬಿಯ ಮುಚ್ಚಳ ತೆಗೆದು ಇದೇನು ತಂದಿರಿ ಎಂದು ಕೇಳಿದಾಗ ಲೀಲಮ್ಮ ಒಂದು ಗಳಿಗೆ ತಡೆದು, ಉಸಿರು ಎಳೆದುಕೊಂಡು, ಜಾಗ್ರತೆಯಾಗಿ 'ಹಕ್ಕಿ ರೊಟ್ಟಿ' ಎಂದಳು.

ಮನೆಯೆಲ್ಲ ನಕ್ಕಿತು. ಯಾವ ಹಕ್ಕಿಯದು, ಪಾರಿವಾಳವೋ ಗುಬ್ಬಚ್ಚಿಯೋ ಎಂದು ಅನಂತರಾಮರು ಕೇಳಿದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಮೇಷ್ಟ್ರು. ತಾವು ನಗುವವರ ಸಾಲಿನಲ್ಲಿದ್ದೇವೆ ಎಂದು ಅಲ್ಲಿದ್ದವರಿಗೆ ಗೊತ್ತಾಗುವುದು ಅವರಿಗೆ ಬಹಳ ಮುಖ್ಯವಾಗಿತ್ತು. ಆಮೇಲೆ ಎಲ್ಲಿ ಕನ್ನಡದವರು ಸೇರಿದರೂ ಭಾಷಾಶುದ್ಧಿಯ ಮಾತು ಬಂದರೆ ಅವರು ಆ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ಅದಕ್ಕೆ ಒಳ್ಳೆಯ ಓಟ ಬಂದಿತ್ತು. ಪಾರಿವಾಳದ ಮಾತಿಗೆ ಬಂದಾಗ ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದೂ ಅವರಿಗೆ ಗೊತ್ತಿತ್ತು.

2006ರ ಚಳಿಗಾಲದ ಕೊನೆಯಲ್ಲಿ ಅವರಿಗೊಂದು ಕೆಲಸ ಬಂತು. ಕರೋಲ್ ಬಾಗಿನಲ್ಲಿ, ಸೂಟ್‌ಕೇಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಒಂದು ಸಣ್ಣ ಕ್ರೈಸ್ತ ಸಂಸ್ಥೆಯಿತ್ತು. ಹೊಸದಾಗಿ ಓದಲು ಕಲಿತವರಿಗೆಂದು ಬೈಬಲಿನ ಭಾಗಗಳನ್ನು ಸುಲಭ ಕನ್ನಡಕ್ಕೆ ತರುವ ಕೆಲಸ ಅಲ್ಲಿ ನಡೆದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಪ್ರೇರಣಾ ಅಮ್ಮಣ್ಣ. ಉಡುಪಿಯ ಕಡೆಯ ಕ್ರೈಸ್ತ ಕುಟುಂಬದವಳು, ಗ್ರೀಕ್ ಓದಿದವಳು. ಗಂಡನಿಗೆ ಗುಡಗಾಂವಿನ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ದೆಹಲಿಗೆ ಬಂದಿದ್ದಳು. ಭಾಷೆ ನೋಡಲು ಚರ್ಚಿನ ಹೊರಗಿನವರೊಬ್ಬರು ಬೇಕು, ಇಲ್ಲದಿದ್ದರೆ ಚರ್ಚಿನ ಕನ್ನಡವೇ ನುಸುಳಿಬಿಡುತ್ತದೆ ಎಂದು ಅವಳು ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರಿಗೆ ಖುಷಿಯಾಯಿತು. ಆಗಷ್ಟೇ ಮೆಟ್ರೋ ಶುರುವಾಗಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮತ್ತೆ ಶಾಲೆಗೆ ಹೊರಟವರಂತೆ, ವಾರಕ್ಕೆರಡು ಸಲ ಕರೋಲ್ ಬಾಗಿಗೆ ಹೊರಡತೊಡಗಿದರು.

ಮಾರ್ಚಿನಲ್ಲಿ ಒಂದು ಕ್ರಿಯಾಪದದ ಮುಂದೆ ಕೆಲಸ ನಿಂತಿತು. ಗ್ರೀಕಿನಲ್ಲಿ ಅದು 'ಎಂತ್ರೆಪೋ'. ಪ್ರೇರಣಾ ಬಿಡಿಸಿ ಹೇಳಿದಳು: ಎನ್ ಎಂದರೆ ಒಳಗೆ, ತ್ರೆಪೋ ಎಂದರೆ ತಿರುಗಿಸು. ಒಬ್ಬನನ್ನು ಅವನೊಳಗೇ ತಿರುಗಿಸುವುದು, ಅಂದರೆ ನಾಚಿಸುವುದು. ಆದರೆ ಅದೇ ಕ್ರಿಯಾಪದ ಇನ್ನೊಂದು ರೂಪದಲ್ಲಿ ಬಂದರೆ ಮರ್ಯಾದೆ ಕೊಡುವುದು, ಇನ್ನೊಬ್ಬರ ಮುಖ ನೋಡಿ ಹಿಂಜರಿಯುವುದು ಎಂದಾಗುತ್ತಿತ್ತು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ, ನಿಮ್ಮನ್ನು ನಾಚಿಸುವುದಕ್ಕಲ್ಲ, ಮಕ್ಕಳೆಂದು ತಿದ್ದುವುದಕ್ಕೆ ಬರೆಯುತ್ತಿದ್ದೇನೆ ಎನ್ನುವಲ್ಲಿ ಈ ಪದವಿದೆ. ವಿಧವೆಯೊಬ್ಬಳಿಗೆ ನ್ಯಾಯ ಕೊಡದೆ ಸತಾಯಿಸಿದ ನ್ಯಾಯಾಧೀಶನ ಕಥೆಯಲ್ಲೂ ಇದೇ ಪದ. ಅವನಿಗೆ ದೇವರ ಹೆದರಿಕೆಯೂ ಇಲ್ಲ, ಜನರ ಬಗ್ಗೆ ಇದೂ ಇಲ್ಲ.

ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಸಂಸ್ಕೃತದಲ್ಲಿ ತ್ರಪ್ ಧಾತುವಿದೆ, ತ್ರಪತೇ ಎಂದರೆ ನಾಚುತ್ತಾನೆ, ತ್ರಪಾ ಎಂದರೆ ಲಜ್ಜೆ, ಇವೆರಡೂ ಅಕ್ಕತಂಗಿಯರು ಎಂದರು. ಹಾಗೆಂದು ಪಂಡಿತರೂ ಹೇಳುತ್ತಾರೆ ಸರ್ ಎಂದು ಪ್ರೇರಣಾ ಒಪ್ಪಿಕೊಂಡಳು; ಆದರೆ ಹೊಸದಾಗಿ ಓದುವವರಿಗೆ ತ್ರಪಾ ಅಂದರೆ ತಿಳಿಯುವುದಿಲ್ಲವಲ್ಲ ಎಂದಳು. ನ್ಯಾಯಾಧೀಶನ ಜಾಗದಲ್ಲಿ ಅವಳು 'ಜನರ ಮುಲಾಜೂ ಇಲ್ಲದವನು' ಎಂದು ಬರೆದಿದ್ದಳು. ಮುಲಾಜು ಅರಬ್ಬಿಯಿಂದ ಬಂದ ಕಚೇರಿ ಮಾತು, ಪವಿತ್ರ ಗ್ರಂಥಕ್ಕೆ ಹೊಂದುವುದಿಲ್ಲ ಎಂದು ಮೇಷ್ಟ್ರು ಕೆಂಪು ಗೆರೆ ಎಳೆದರು. ಪೌಲನ ಮಾತಿನ ಬಗ್ಗೆ ಅವರಿಗೆ ಅನುಮಾನವೇ ಇತ್ತು. ನಾಚಿಸದೆ ತಿದ್ದುವುದು ಹೇಗೆ? ನಾಚಿಕೆಯೇ ಅಲ್ಲವೇ ತಿದ್ದುವ ಉಪಕರಣ? ಉದಾಹರಣೆಗೆಂದು ಅವರು ಹಕ್ಕಿ ರೊಟ್ಟಿಯ ಕಥೆ ಹೇಳಿದರು. ಪಾರಿವಾಳದ ಹತ್ತಿರ ನಿಲ್ಲಿಸಿದರು. ಪ್ರೇರಣಾ ನಗಲಿಲ್ಲ.

"ಅವತ್ತಿನಿಂದ ಅವಳು ಆ ತಪ್ಪು ಮಾಡಲೇ ಇಲ್ಲ ನೋಡಿ," ಎಂದು ಮೇಷ್ಟ್ರು ಮುಗಿಸಿದರು.

"ಈಗ ಅಕ್ಕಿ ರೊಟ್ಟಿಗೆ ಅವರು ಏನಂತ ಹೇಳ್ತಾರೆ ಸರ್?" ಎಂದು ಪ್ರೇರಣಾ ಕೇಳಿದಳು. ಅವಳು ನಿಜವಾಗಿ ತಿಳಿಯಲೆಂದೇ ಕೇಳಿದ್ದಳು.

ಅಕ್ಕಿ ರೊಟ್ಟಿ ಅಂತಲೇ ಎನ್ನಲು ಹೊರಟ ಮೇಷ್ಟ್ರಿಗೆ ಅದು ಕಿವಿಯಲ್ಲಿ ಕೇಳಿಸಲಿಲ್ಲ. ಹೆಂಡತಿಯ ದನಿಯಲ್ಲಿ ಆ ಪದವನ್ನು ನೆನೆಸಿಕೊಳ್ಳಲು ನೋಡಿದರು, ಆಗಲಿಲ್ಲ. ಮೆಟ್ರೋದಲ್ಲಿ ಬರುವಾಗಲೂ ಅದನ್ನೇ ಹುಡುಕುತ್ತಿದ್ದರು. ಮನೆಯ ಗೇಟಿನ ಹತ್ತಿರ ಲೀಲಮ್ಮ ಪಕ್ಕದ ಮನೆಯ ಸರದಾರಣಿಯ ಜೊತೆ ನಿಂತು ತರಕಾರಿ ಭಯ್ಯಾನ ತಕ್ಕಡಿಯ ಬಗ್ಗೆ ಏನೋ ಹೇಳಿ ಗಟ್ಟಿಯಾಗಿ ನಗುತ್ತಿದ್ದಳು. ಇವರನ್ನು ಕಂಡು ಒಳಗೆ ಬಂದಳು. ನಾಳೆ ತಿಂಡಿಗೆ ಏನು ಎಂದು ಮೇಷ್ಟ್ರು ಕೇಳಿದರು.

"ಚಾವಲ್ ಕೀ ರೋಟೀ ಬನಾ ದೂಂ?" ಎಂದಳು ಲೀಲಮ್ಮ.

ಅಕ್ಕಿ ರೊಟ್ಟಿ ಮಾಡಲೇ ಎಂಬ ಈ ಹಿಂದಿ ಮಾತನ್ನು ಅವರು ಎಷ್ಟು ವರ್ಷಗಳಿಂದ ಕೇಳುತ್ತ ಬಂದಿದ್ದರೋ. ದೆಹಲಿಯ ಅಭ್ಯಾಸ ಎಂದುಕೊಂಡಿದ್ದರು. ಆ ದಿನದಿಂದ ಕಿವಿಗೊಟ್ಟು ಕೇಳತೊಡಗಿದರು. ಲೀಲಮ್ಮ ಅವರೊಡನೆ ಕನ್ನಡದಲ್ಲಿ ಆಡುತ್ತಿದ್ದದ್ದು ಊಟ, ಬನ್ನಿ, ಆಯ್ತು, ಬೇಡ, ಇಂಥ ಮಾತುಗಳು ಮಾತ್ರ. ಒಂದರಲ್ಲೂ ಎಡವುವ ಅಕ್ಷರವಿಲ್ಲ. ಹಾಲು ಅವಳ ಬಾಯಲ್ಲಿ ದೂಧ್, ಹೂವು ಫೂಲ್, ಹೋಗುವುದು ಜಾನಾ. ಅವಳ ಹಿಂದಿಯಲ್ಲಿ ಹಾಂ, ಹೈ, ಹಮಾರಾ ಎಲ್ಲ ಸಲೀಸಾಗಿ ಬರುತ್ತಿದ್ದವು. ಹಕಾರ ಅವಳ ನಾಲಿಗೆಗೆ ಒಗ್ಗದ್ದೇನೂ ಆಗಿರಲಿಲ್ಲ. ಕನ್ನಡದಲ್ಲಿ ಮಾತ್ರ ಅವಳು ಅದರ ಹತ್ತಿರ ಹೋಗುತ್ತಿರಲಿಲ್ಲ.

ಮಗಳು ಲಾವಣ್ಯಾ ಗುಡಗಾಂವಿನಲ್ಲಿ ಕೆಲಸ ಮಾಡುತ್ತ ಅಲ್ಲೇ ಗೆಳತಿಯರ ಜೊತೆ ಇದ್ದಳು. ಭಾನುವಾರ ಬಂದಾಗ ಮೇಷ್ಟ್ರು ಅವಳನ್ನು ಬದಿಗೆ ಕರೆದು, ಅಮ್ಮ ನಿನ್ನ ಜೊತೆ ಚಿಕ್ಕಂದಿನಲ್ಲಿ ಕನ್ನಡ ಆಡುತ್ತಿದ್ದಳೇ ಎಂದು ಕೇಳಿದರು. ಲಾವಣ್ಯಾಳ ಕನ್ನಡ ಮುರುಕಲು. ಅದಕ್ಕೆ ತಾಯಿಯೇ ಕಾರಣ, ಅವಳು ಕಲಿಸಲಿಲ್ಲ ಎಂದು ಮೇಷ್ಟ್ರು ಬಂದವರೆದುರೆಲ್ಲ ದೂರುತ್ತಿದ್ದರು.

"ನಹೀ ತೋ ಪಾಪಾ. ಮಮ್ಮಿಗೆ ಕನ್ನಡ ಠೀಕ್ ಸೆ ಬರಲ್ಲ ಅಂತ ಅಂದ್ಕೊಂಡಿದ್ದೆ ನಾನು," ಎಂದಳು ಲಾವಣ್ಯಾ. "ಆಪ್ ಹೀ ತೋ ಯಾವಾಗ್ಲೂ ಹಾಗೆ ಹೇಳ್ತಾ ಇದ್ರಿ."

ಮೇಷ್ಟ್ರ ಕಿವಿ ಬಿಸಿಯಾಯಿತು. ಮಗಳ ವಾಕ್ಯದಲ್ಲಿ ತಿದ್ದುವಂಥದ್ದು ಬೇಕಾದಷ್ಟಿತ್ತು. ಅವರು ಬಾಯಿ ತೆರೆಯಲಿಲ್ಲ.

ಕೆಲವು ದಿನಗಳ ನಂತರ ಪ್ರೇರಣಾ ಮನೆಗೆ ಬರುತ್ತೇನೆಂದಳು. ಬರೆದ ಭಾಗಗಳನ್ನು ಬೈಬಲ್ ಎಂದೂ ಕೇಳದವರಿಗೆ ಓದಿ, ಅವರಿಗೆ ಏನು ತಿಳಿಯಿತು ಎಂದು ಕೇಳುವುದು ಅವರ ಪದ್ಧತಿ. ಲೀಲಮ್ಮನವರಿಗೆ ಓದಲೇ ಎಂದಳು. ಅವಳ ಕನ್ನಡ ಅಷ್ಟು, ಎಂದು ಶುರುಮಾಡಿದ ಮೇಷ್ಟ್ರು ನಡುವೆಯೇ ನಿಲ್ಲಿಸಿ, ಬನ್ನಿ ಎಂದರು.

ಮುಂಭಾಗದ ಕೋಣೆಯಲ್ಲಿ ಮೂವರೂ ಕೂತರು. ಪ್ರೇರಣಾ ವಿಧವೆಯ ಕಥೆ ಓದಿದಳು. ಕಥೆಯಲ್ಲಿ ಏನಾಯಿತಮ್ಮಾ ಎಂದು ಕೇಳಿದರೆ ಲೀಲಮ್ಮ ಗಂಡನ ಮುಖ ನೋಡಿ, ಹಿಂದಿಯಲ್ಲಿ ನಾಲ್ಕು ಮಾತು ಹೇಳಿ, ಸೆರಗು ಸರಿಮಾಡಿಕೊಂಡಳು. ನೀವು ಎದುರಿಗಿದ್ದರೆ ಕೇಳುವವರಿಗೆ ಪರೀಕ್ಷೆ ಅನ್ನಿಸುತ್ತದೆ ಸರ್ ಎಂದು ಪ್ರೇರಣಾ ಮೆಲ್ಲಗೆ ಹೇಳಿದಳು. ಮೇಷ್ಟ್ರು ಮೊಸರು ತರುವ ನೆಪ ಮಾಡಿ ಹೊರಟರು.

ಹಾಲಿನ ಬೂತಿನಲ್ಲಿ ಸಾಲು ಉದ್ದವಿತ್ತು. ಮೊಸರು ಕೊಂಡು ಬಂದು ಗೇಟು ತೆರೆಯುವಾಗ ಕಿಟಕಿಯಿಂದ ಒಂದು ದನಿ ಕೇಳಿಸಿತು. ಮೇಷ್ಟ್ರು ನಿಂತರು. ಮೊದಲು ಯಾರೋ ಊರಿನಿಂದ ಬಂದಿದ್ದಾರೆ ಎಂದುಕೊಂಡರು. ಅದು ಲೀಲಮ್ಮನ ದನಿ. ತನ್ನ ಚಿಕ್ಕತ್ತೆಯೊಬ್ಬಳು ಗಂಡ ಸತ್ತ ಮೇಲೆ ಪಾಲಿನ ಹೊಲಕ್ಕಾಗಿ ಪಟೇಲರ ಜಗಲಿಗೆ ದಿನಾ ಹೋಗಿ ಕೂರುತ್ತಿದ್ದದ್ದನ್ನು ಹೇಳುತ್ತಿದ್ದಳು. ಪಟೇಲ ಹಿತ್ತಿಲ ಬಾಗಿಲಿಂದ ತಪ್ಪಿಸಿಕೊಂಡು ಹೋಗುತ್ತಿದ್ದ ಬಗೆಯನ್ನು ಹೇಳಿ ತಾನೇ ನಗುತ್ತಿದ್ದಳು. ಮೇಷ್ಟ್ರಿಗೆ ಆ ಮಾತಿನ ಜೊತೆಗೇ ಅವ್ವನ ದನಿ, ಕೊಟ್ಟಿಗೆಯ ವಾಸನೆ, ರಾಗಿ ಬೀಸುವ ಸದ್ದು ಎಲ್ಲ ಒಟ್ಟಿಗೆ ಬಂದವು. ಮೊಸರಿನ ಪೊಟ್ಟಣ ಹಿಡಿದುಕೊಂಡು ಗೋಡೆಗೆ ಒರಗಿದರು.

ಪ್ರೇರಣಾ ಆಮೇಲೆ ಪೌಲನ ಮಾತು ಓದಿದಳು.

"ನಾಚ್ಕೆ ಆಗ್ದಂಗೆ ತಿದ್ದಕ್ಕೆ ಆಯ್ತದೇನವ್ವ? ನಂಗೊತ್ತಿಲ್ಲ. ನಾ ಕಂಡಿಲ್ಲ," ಎಂದಳು ಲೀಲಮ್ಮ. "ಕನ್ನಡ್ದಾಗೆ ಬಾಯ್ ಬುಟ್ರೆ ಎಲ್ಲಿ ಅ ಬರ್ಬೇಕು, ಎಲ್ಲಿ ಆ ಇನ್ನೊಂದ್ ಬರ್ಬೇಕು ಅಂತ ಮನ್ಸಲ್ಲೇ ನೋಡ್ಕಂಡ್ ಆಡ್ಬೇಕು. ಅಷ್ಟ್ರಾಗೆ ಮಾತೇ ಮರ್ತೋಯ್ತದೆ. ಇಂದೀಲಿ ಅಂಗಿಲ್ಲ. ಇಂದೀಲಿ ನಾನು ತಪ್ ಆಡುದ್ರೂ ಯಾರೂ ನಗಾಕಿಲ್ಲ."

ತಾವು ಬಾಗಿಲು ತಳ್ಳಿದ್ದು ಮೇಷ್ಟ್ರಿಗೇ ಗೊತ್ತಾಗಲಿಲ್ಲ. ಅವರು ಒಳಗೆ ಕಾಲಿಟ್ಟದ್ದೇ ತಡ, ನಲ್ಲಿ ತಿರುಗಿಸಿದಂತೆ ಮಾತು ನಿಂತಿತು.

"ಆ ಗಯೇ? ಚಾಯ್ ಬನಾತೀ ಹೂಂ," ಎಂದು ಲೀಲಮ್ಮ ಎದ್ದು ಒಳಗೆ ಹೋದಳು.

ಪ್ರೇರಣಾ ಹಾಳೆಗಳನ್ನು ಜೋಡಿಸುತ್ತ ತಲೆ ಎತ್ತಲಿಲ್ಲ. ಮೇಷ್ಟ್ರಿಗೂ ಅವಳ ಮುಖ ನೋಡಲಾಗಲಿಲ್ಲ. ಆ ಹುಡುಗಿಯೆದುರು ಪಾರಿವಾಳದ ಹತ್ತಿರ ನಿಲ್ಲಿಸಿ ನಗುವಿಗಾಗಿ ಕಾದಿದ್ದು ನೆನಪಾಗಿ ಮೈ ಕುಗ್ಗಿತು.

ಅವರು ಕೂಡಲೇ ಏನಾದರೂ ಮಾಡಬೇಕೆಂದು ಚಡಪಡಿಸಿದರು. ಎಲ್ಲಕ್ಕೂ ಪಾಠದ ದಾರಿಯೊಂದನ್ನೇ ಬಲ್ಲ ಮನುಷ್ಯ. ತಾನೂ ಊರ ಮಾತನ್ನೇ ಆಡಿದರೆ ಅವಳ ಸಂಕೋಚ ಬಿಟ್ಟೀತು ಎಂದು ಯೋಚಿಸಿದರು. ಮಾರನೆಯ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಲೀಲಾ, ಆಲು ಕಾಯ್ಸಿದ್ಯಾ?" ಎಂದರು. ನಾಲಿಗೆ ಇಷ್ಟು ವರ್ಷಗಳ ಮೇಲೂ ಅದನ್ನು ಮರೆತಿರಲಿಲ್ಲ, ಅವರಿಗೇ ಆಶ್ಚರ್ಯವಾಯಿತು.

ಲೀಲಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೊಡೆತ ಯಾವ ಕಡೆಯಿಂದ ಬಂತು ಎಂದು ಹುಡುಕುವವರ ನೋಟವಿತ್ತು.

"ಮಜಾಕ್ ಉಡಾ ರಹೇ ಹೋ?" ಎಂದಳು.

ಗೇಲಿ ಅಲ್ಲ ಎಂದು ಮೇಷ್ಟ್ರು ಹೇಳಿದರು, ಎರಡು ಮೂರು ಸಲ ಹೇಳಿದರು. ಹೇಳಿದಷ್ಟೂ ಅದು ಗೇಲಿಯಂತೆಯೇ ಕೇಳಿಸುತ್ತಿತ್ತು. ಅವಳು ಹಾಲು ಇಳಿಸಿ, ಅವರಿಗೆ ಕಾಫಿ ಬೆರೆಸಿಕೊಟ್ಟು, ಬಟ್ಟೆ ಒಣಹಾಕಲು ಹೊರಗೆ ಹೋದಳು. ಲೋಟ ಹಿಡಿದುಕೊಂಡು ನಿಂತ ಮೇಷ್ಟ್ರಿಗೆ, ತಮ್ಮ ಬಾಯಿಂದ ಆ ಮಾತು ಅವಳಿಗೆ ಹಾಗಲ್ಲದೆ ಬೇರೆ ಹೇಗೂ ಕೇಳಿಸಲಾರದು ಎಂದು ತಿಳಿಯಿತು.

ಯುಗಾದಿಯ ಊಟಕ್ಕೆ ಕನ್ನಡದವರೆಲ್ಲ ಕಾಲೊನಿಯ ಸಮುದಾಯ ಭವನದಲ್ಲಿ ಸೇರಿದ್ದರು. ಅನಂತರಾಮರಿಗೆ ಈಗ ವಯಸ್ಸಾಗಿತ್ತು. ಕೋಲು ಊರಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಊಟ ಬಡಿಸಲು ತಡವಾಯಿತು. ಕಂಪನಿಗಳಲ್ಲಿ ಕೆಲಸ ಮಾಡುವ ಹೊಸ ಹುಡುಗ ಹುಡುಗಿಯರು ಬಂದಿದ್ದರು. ಮೇಷ್ಟ್ರೇ, ನಿಮ್ಮ ಹಕ್ಕಿ ರೊಟ್ಟಿ ಕಥೆ ಹೇಳಿ, ಇವರೆಲ್ಲ ಕೇಳಿಲ್ಲ ಎಂದರು ಅನಂತರಾಮರು. ಲೀಲಮ್ಮ ಎದುರು ಸಾಲಿನಲ್ಲಿ ಪದ್ಮಾ ಅವರ ಪಕ್ಕದಲ್ಲಿ ಕೂತಿದ್ದಳು.

ಬೇಡ ಸರ್, ಅದು ಹಳೆಯದಾಯಿತು ಎಂದರು ಮೇಷ್ಟ್ರು.

ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಅನಂತರಾಮರು ಶುರುಮಾಡಿಯೇಬಿಟ್ಟರು. ಕಥೆ ಹಳಬರಿಗೆಲ್ಲ ಬಾಯಿಪಾಠವಾಗಿತ್ತು. ಬಸ್ಸು, ಡಬ್ಬಿ, ಜಾಗ್ರತೆಯಾಗಿ ಎಳೆದುಕೊಂಡ ಉಸಿರು, ಎಲ್ಲವೂ ಮೇಷ್ಟ್ರು ಹೆಣೆದಂತೆಯೇ ಬಂದವು. ಪಾರಿವಾಳದ ಹತ್ತಿರ ಅನಂತರಾಮರು ನಿಲ್ಲಿಸಿದರು. ಮೇಷ್ಟ್ರು ನಿಲ್ಲಿಸುತ್ತಿದ್ದಷ್ಟೇ ಹೊತ್ತು. ಸಾಕು ಸರ್ ಎಂದು ಮೇಷ್ಟ್ರು ಅಂದದ್ದು ನಗುವಿನಲ್ಲಿ ಮುಳುಗಿತು. ಹುಡುಗರು ನಕ್ಕರು, ಅವರಿಗೆ ಅದು ಯಾರ ಕಥೆ ಎಂದೂ ಗೊತ್ತಿರಲಿಲ್ಲ. ಲೀಲಮ್ಮ ನಗುಮುಖ ಮಾಡಿಕೊಂಡು ಎದ್ದು, ನೀರಿನ ಜಗ್ಗು ತುಂಬಿದೆಯೇ ನೋಡಲು ಹೋದಳು. ಇಷ್ಟು ವರ್ಷ ಪ್ರತಿ ಸಲವೂ ಅವಳು ಹೀಗೇ ಎದ್ದು ಹೋಗಿರಬೇಕು. ಮೇಷ್ಟ್ರು ಕೇಳುವವರನ್ನು ನೋಡುತ್ತಿದ್ದರೇ ಹೊರತು ಅವಳ ಕಡೆ ನೋಡಿರಲಿಲ್ಲ.

ಅವರು ಒಬ್ಬಟ್ಟನ್ನು ಎಲೆಯ ಬದಿಗೆ ಸರಿಸಿದರು. ಈ ಕಥೆ ಇನ್ನು ತಮ್ಮ ಕೈಯಲ್ಲಿಲ್ಲ; ತಾವು ಬಾಯಿ ಮುಚ್ಚಿಕೊಂಡರೂ ಅದು ಜನಕಪುರಿಯಿಂದ ದ್ವಾರಕಾಕ್ಕೆ, ಅಲ್ಲಿಂದ ಗುಡಗಾಂವಿಗೆ ಹೋಗುತ್ತದೆ. ಒಂದು ದಿನ ಲಾವಣ್ಯಾಳ ಆಫೀಸಿನಲ್ಲೂ ಯಾರಾದರೂ ಹೇಳಿಯಾರು.

ಮನೆಗೆ ಬಂದ ಮೇಲೆ ಲೀಲಮ್ಮ ರೇಷ್ಮೆ ಸೀರೆ ಮಡಿಸುತ್ತಿದ್ದಳು. ಮೇಷ್ಟ್ರು ಮಂಚದ ತುದಿಯಲ್ಲಿ ಕೂತರು. ಯಾವ ಕನ್ನಡದಲ್ಲಿ ಹೇಳುವುದು ಎಂಬುದೇ ಅವರಿಗೆ ತಿಳಿಯಲಿಲ್ಲ. ಪುಸ್ತಕದ ಮಾತು ಅವಳನ್ನು ಹೆದರಿಸುತ್ತದೆ, ಊರ ಮಾತು ಅಣಕದಂತೆ ಕೇಳಿಸುತ್ತದೆ. ಕೊನೆಗೆ ಬಂದಂತೆ ಹೇಳಿದರು.

"ಲೀಲಾ, ಆ ಕಥೆ ಕಟ್ಟಿದ್ದು ನಾನು. ಅವತ್ತು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದೂ ನಾನೇ. ನನ್ನ ಬಾಯಲ್ಲೂ ಅದೇ ಮಾತಿತ್ತು ಅಂತ ಅವರಿಗೆ ಗೊತ್ತಾಗಿಬಿಟ್ಟರೆ ಅಂತ ಹೆದರಿದ್ದೆ. ತಪ್ಪಾಯ್ತು."

ಲೀಲಮ್ಮ ಸೀರೆಯ ಅಂಚಿಗೆ ಅಂಚು ಕೂಡಿಸಿದಳು. ಅವಳ ಕೈ ನಿಧಾನವಾಯಿತು, ನಿಲ್ಲಲಿಲ್ಲ.

"ಅಬ್ ರಹನೇ ದೋ," ಎಂದಳು. ಇರಲಿ ಬಿಡಿ ಎಂದು ಅವಳು ಹಿಂದಿಯಲ್ಲಿ ಹೇಳಿದ್ದರಲ್ಲಿ ಕ್ಷಮೆ ಇತ್ತೋ, ದಣಿವಿತ್ತೋ, ಮೇಷ್ಟ್ರಿಗೆ ಹೇಳಲಾಗಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮುಂದಿನ ತಿಂಗಳು ಧಾರವಾಡದಿಂದ ಹಿರಿಯ ಪಾದ್ರಿಯೊಬ್ಬರು ಅನುವಾದ ಪರಿಶೀಲಿಸಲು ಕರೋಲ್ ಬಾಗಿಗೆ ಬಂದರು. ಮುಲಾಜಿನ ಮೇಲೆ ಎಳೆದ ಕೆಂಪು ಗೆರೆ ನೋಡಿ ಇದನ್ನು ಯಾರು ಹೊಡೆದದ್ದು ಎಂದರು. ನಾನೇ, ಆದರೆ ಅದು ಇರಲಿ, ಪ್ರೇರಣಾ ಬರೆದದ್ದೇ ಸರಿ ಎಂದರು ಮೇಷ್ಟ್ರು. ಪೌಲನ ಮಾತಿಗೆ ಅವರು ಮೊದಲು ಸೂಚಿಸಿದ್ದ 'ಲಜ್ಜೆಪಡಿಸಲು' ಎಂಬುದನ್ನು ತಾವೇ ತೆಗೆಸಿದರು. ಅಲ್ಲಿ 'ನಿಮ್ಮ ತಲೆ ತಗ್ಗಿಸಲೆಂದು ಬರೆಯುತ್ತಿಲ್ಲ' ಎಂದು ನಿಂತಿತು. ಆಮೇಲೆ ಇನ್ನೊಂದು ಪತ್ರದ ಭಾಗ ಬಂತು. ನಮ್ಮನ್ನು ತಿದ್ದಿದ ತಂದೆಯರಿಗೆ ನಾವು ಮರ್ಯಾದೆ ಕೊಟ್ಟೆವು ಎಂಬ ಅರ್ಥದ ಸಾಲು. ಅಲ್ಲಿಯೂ ಅದೇ ಕ್ರಿಯಾಪದ. ಇಲ್ಲಿ ಮರ್ಯಾದೆ ಎನ್ನುವುದು ಖಚಿತವೇ, ಅಂಜಿಕೊಂಡೆವು ಅಂತಲೂ ಇರಬಹುದಲ್ಲ ಎಂದು ಮೇಷ್ಟ್ರು ಕೇಳಿದರು. ಬರೆದವರ ಮನಸ್ಸಿನಲ್ಲಿ ಮರ್ಯಾದೆಯೇ ಇದೆ ಸರ್ ಎಂದಳು ಪ್ರೇರಣಾ. ಬರೆದವರದು ಸರಿ, ತಿದ್ದಿಸಿಕೊಂಡವರನ್ನು ಕೇಳಬೇಕಿತ್ತು ಎಂದರು ಮೇಷ್ಟ್ರು. ಪಾದ್ರಿಗೆ ಅರ್ಥವಾಗಲಿಲ್ಲ. ಪ್ರೇರಣಾ ನೀರಿನ ಲೋಟವನ್ನು ಮೇಷ್ಟ್ರ ಕಡೆ ಸರಿಸಿದಳು.

ಆ ವರ್ಷದ ಕರೆಯೋಲೆಗಳನ್ನು ಮೇಷ್ಟ್ರು ಬೇರೆಯವರಿಗೆ ತೋರಿಸಿ ಎಂದು ಕಳಿಸಿಬಿಟ್ಟರು. ಕಣ್ಣು ಮಂಜಾಗಿದೆ ಎಂದು ಕಾರಣ ಕೊಟ್ಟರು.

ನವೆಂಬರಿನಲ್ಲಿ ಲೀಲಮ್ಮನ ತಮ್ಮ ಬಸಪ್ಪ ಊರಿನಿಂದ ಬಂದ. ಮೊದಲ ಸಲ ರೈಲು ಹತ್ತಿ ಅಷ್ಟು ದೂರ ಬಂದವನು. ಲಾವಣ್ಯಾ ಅವನನ್ನು ಆಗ್ರಾಕ್ಕೆ ಕರೆದುಕೊಂಡು ಹೋಗಿ ತೋರಿಸಿ ತಂದಳು. ಮರುದಿನ ಮಧ್ಯಾಹ್ನ ಬಿಸಿಲು ಕಾಯುತ್ತ ಎಲ್ಲರೂ ಮನೆಯ ಮುಂದಿನ ಅಂಗಳದಲ್ಲಿ ಕೂತಿದ್ದರು. ಲೀಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಬಸಪ್ಪ ಮಂಕಿಟೋಪಿ ಹಾಕಿಕೊಂಡು, ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಅಕ್ಕನಿಗೆ ಹೇಳುತ್ತಿದ್ದ. ಲಾವಣ್ಯಾ ಅರ್ಧ ಅರ್ಥವಾಗದೆಯೂ ನಗುತ್ತಿದ್ದಳು.

"ಆಮೇಕೆ ಒಂದು ಅಳೇ ಕ್ವಾಟೆ ಐತೆ ಕನಕ್ಕ, ಅಬ್ಬಬ್ಬಾ," ಎಂದ ಬಸಪ್ಪ.

"ಹಳೇ," ಎಂದರು ಮೇಷ್ಟ್ರು.

ಬೇಕೆಂದು ಅಂದದ್ದಲ್ಲ. ಪತ್ರಿಕೆಯ ಮೇಲಿನ ಕಣ್ಣು ತೆಗೆಯದೆಯೇ ಬಾಯಿಂದ ಅದು ಬಿದ್ದಿತ್ತು. ಅಂದ ಮೇಲೆ ಕೇಳಿಸಿತು. ಬಸಪ್ಪ ಮಾತು ನಿಲ್ಲಿಸಿ ಬಾವನ ಮುಖ ನೋಡಿದ; ಅವನ ಕೈ ತಾನಾಗಿ ಟೋಪಿಯ ಕಡೆ ಹೋಯಿತು. ಇಷ್ಟು ತಿಂಗಳು ತುಟಿ ಬಿಗಿಹಿಡಿದುಕೊಂಡದ್ದೆಲ್ಲ ಒಂದು ಪದದಲ್ಲಿ ಹೋಯಿತಲ್ಲ ಎಂದು ಮೇಷ್ಟ್ರಿಗೆ ಭೂಮಿಗಿಳಿದು ಹೋಗುವಂತಾಯಿತು. ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಅವರೆಕಾಯಿ ಬಿಡಿಸುವ ಸದ್ದು ನಿಂತಿತು.

"ಅವನು ಅಳೇ ಕ್ವಾಟೆ ಅಂದ," ಎಂದಳು ಲೀಲಮ್ಮ. ದನಿ ಏರಿಸಲಿಲ್ಲ. ಗಂಡನನ್ನು ನೇರ ನೋಡುತ್ತಿದ್ದಳು. "ನಿಮಗೆ ಗೊತ್ತಾಯ್ತಲ್ಲ ಅದೇನು ಅಂತ. ಬುಡಿ ಅತ್ಲಾಗೆ, ಮಾತಾಡ್ಲಿ ಅವನು."

ಮೇಷ್ಟ್ರು ಪತ್ರಿಕೆ ಮಡಿಸಿದರು. ಅವಳು ತಮ್ಮೊಡನೆ ಇಷ್ಟು ಉದ್ದದ ಕನ್ನಡ ಆಡಿ ಎಷ್ಟು ಕಾಲವಾಗಿತ್ತು ಎಂಬುದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲೂ ಇಲ್ಲ. ಕುತ್ತಿಗೆ ಬಗ್ಗಿತ್ತು, ಕಣ್ಣೆತ್ತುವುದು ಆಗಲಿಲ್ಲ. ಆಯಿತು ಎಂದು ತಲೆಯಾಡಿಸಿದರು. ಕೋಟೆ ಎಷ್ಟು ಎತ್ತರವಿತ್ತು ಬಸಪ್ಪ ಎಂದು ಕೇಳಿದರು.

ಬಸಪ್ಪ ಅಕ್ಕನ ಕಡೆ ನೋಡಿದ. ಅವಳು ಮತ್ತೆ ಕಾಯಿ ಕೈಗೆತ್ತಿಕೊಂಡಿದ್ದಳು. ಅವನು ಗೋಡೆಯ ಎತ್ತರ ತೋರಿಸಲು ಎದ್ದು ನಿಂತು ಎರಡೂ ಕೈ ಮೇಲಕ್ಕೆತ್ತಿದ.